ಪೋಸ್ಟ್‌ಗ್ರೆಸ್ 14ರಿಂದ 18ಕ್ಕೆ: ಪ್ಲಾನರ್ ಸ್ಟ್ಯಾಟಿಸ್ಟಿಕ್ಸ್ ಜೊತೆಗೇ ಬರುತ್ತಾ, ಮತ್ತೆ ಅನಲೈಸ್ ಓಡಿಸಬೇಕಾ?

ಬ್ಯಾಡಗಿ_ಬ್ಯಾಕೆಂಡ್

ನಮಸ್ಕಾರ ಎಲ್ಲರಿಗೂ. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಕಡೆಯ ದಲಾಲಿ ಅಂಗಡಿಗಳಿಗೆ ನಮ್ಮದೊಂದು ಸಾಫ್ಟ್‌ವೇರ್ ಇದೆ. ಲಾಟು, ಚೀಲ, ತೂಕ, ಟೆಂಡರ್ ರೇಟು, ರೈತರಿಗೆ ಕೊಡುವ ಪಟ್ಟಿ ಎಲ್ಲಾ ಅದರಲ್ಲೇ. ಒಂದೊಂದು ಅಂಗಡಿಗೆ ಒಂದೊಂದು ಸ್ಕೀಮಾ (ಟೇಬಲ್ಲುಗಳ ಪ್ರತ್ಯೇಕ ಗುಂಪು), ಹಾಗಾಗಿ ಟೇಬಲ್ಲುಗಳು ಸಾವಿರಗಟ್ಟಲೆ (ಈ ಡಿಸೈನ್ ನನಗಿಂತ ಮುಂಚೆ ಇದ್ದವರದ್ದು, ಅದರ ಬಗ್ಗೆ ಬೈಯಬೇಡಿ). ಇದರ ಜೊತೆಗೆ ಎಲ್ಲಾ ಅಂಗಡಿಗಳ ಲಾಟು ಒಟ್ಟಿಗೆ ಇರುವ ಒಂದು ದೊಡ್ಡ ಟೇಬಲ್ ಇದೆ. ಸರ್ವರ್ ಹುಬ್ಬಳ್ಳಿ ಆಫೀಸಿನಲ್ಲಿ. ಈಗಿರೋ ಡೇಟಾಬೇಸ್ ಪೋಸ್ಟ್‌ಗ್ರೆಸ್ 14. ಅದರ ಸಪೋರ್ಟ್ 2026ರ ನವೆಂಬರ್‌ಗೆ ಮುಗಿಯುತ್ತೆ. ಅದಾದ ಮೇಲೆ ಮೆಣಸಿನಕಾಯಿ ಸೀಸನ್ ಬಂತು ಅಂದರೆ ಯಾರೂ ಸರ್ವರ್ ಮುಟ್ಟೋಕೆ ಬಿಡಲ್ಲ, ಅದಕ್ಕೇ ಈಗಲೇ 18ಕ್ಕೆ ಹೋಗೋಣ ಅಂತ.

ನನ್ನ ಭಯ ಏನು ಅಂದರೆ, ಹಿಂದಿನ ಸಲ 14ಕ್ಕೆ ತಂದಾಗ ಹೊರಗಿನ ಒಂದು ಟೀಮ್ ಶನಿವಾರ ರಾತ್ರಿ ಪಿಜಿ-ಅಪ್‌ಗ್ರೇಡ್ (ಹಳೆಯ ವರ್ಷನ್ನಿನಿಂದ ಹೊಸದಕ್ಕೆ ಒಯ್ಯುವ ಟೂಲ್) ಮಾಡಿ, ಅಪ್ಲಿಕೇಶನ್ ತೆರೆದುಕೊಳ್ತು ಅಂತ ನೋಡಿ ಮನೆಗೆ ಹೋದರು. ಸೋಮವಾರ ಟೆಂಡರ್ ದಿನ. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ತೆಗೆಯುವ ಸ್ಕ್ರೀನ್ ಸುಮ್ನೆ ತಿರುಗುತ್ತಾ ನಿಂತಿತು. ಅಂಗಡಿ ಮುಂದೆ ರೈತರು, ಫೋನಿನಲ್ಲಿ ಸಾಹುಕಾರರು. ಎಕ್ಸ್‌ಪ್ಲೇನ್ ಅನಲೈಸ್ (ಕ್ವೆರಿ ಹೇಗೆ ಓಡಿತು ಅಂತ ತೋರಿಸುವ ಕಮಾಂಡ್) ಹಾಕಿ ನೋಡಿದರೆ, 40 ಲಕ್ಷ ಸಾಲಿನ ಲಾಟು ಟೇಬಲ್ಲಿನಲ್ಲಿ ಒಂದು ಯಾರ್ಡ್, ಒಂದು ಮಾಲು ಅಂತ ಫಿಲ್ಟರ್ ಹಾಕಿದ ಕಡೆ ಪ್ಲಾನರ್ (ಕ್ವೆರಿಯನ್ನು ಯಾವ ದಾರಿಯಲ್ಲಿ ಓಡಿಸಬೇಕು ಅಂತ ತೀರ್ಮಾನಿಸುವ ಭಾಗ) ಮಾಡಿದ ಅಂದಾಜು ಬರೀ ನೂರು ಸಾಲು. ನಿಜವಾಗಿ ಬಂದದ್ದು ಲಕ್ಷಗಟ್ಟಲೆ. ನೂರೇ ಅಲ್ವಾ ಅಂತ ನೆಸ್ಟೆಡ್ ಲೂಪ್ (ಒಂದೊಂದು ಸಾಲಿಗೂ ಇನ್ನೊಂದು ಟೇಬಲ್ಲಿನಲ್ಲಿ ಹುಡುಕುವ ವಿಧಾನ) ಹಿಡಿದು ಕೂತಿತ್ತು. ಸಂಜೆ ಯಾರೋ ಅನಲೈಸ್ (ಟೇಬಲ್ಲಿನ ಸ್ಯಾಂಪಲ್ ನೋಡಿ ಪ್ಲಾನರಿಗೆ ಬೇಕಾದ ಸ್ಟ್ಯಾಟಿಸ್ಟಿಕ್ಸ್ ಬರೆಯುವ ಕಮಾಂಡ್) ಓಡಿಸಿದ ಮೇಲೆ ಸರಿಹೋಯ್ತು.

18ರಲ್ಲಿ ಸ್ಟ್ಯಾಟಿಸ್ಟಿಕ್ಸ್ ಉಳಿಯುತ್ತೆ ಅಂತ ಕೇಳಿದೆ. ಪೂರ್ತಿ ಉಳಿಯುತ್ತಾ? ದಿನಾ ರಾತ್ರಿ ತೆಗೆಯುವ ಪಿಜಿ-ಡಂಪ್ ಬ್ಯಾಕಪ್‌ನಲ್ಲೂ ಬರುತ್ತಾ? ಇನ್ನೊಂದು ಆಸೆ, ಬರೀ ಟೇಬಲ್ಲುಗಳ ರಚನೆ ಮತ್ತು ಸ್ಟ್ಯಾಟಿಸ್ಟಿಕ್ಸ್ ನನ್ನ ಲ್ಯಾಪ್‌ಟಾಪಿಗೆ ತಂದು, ಡೇಟಾ ಇಲ್ಲದೇ ಪ್ರೊಡಕ್ಷನ್ ಪ್ಲಾನ್ ಅಲ್ಲೇ ನೋಡಬಹುದಾ?

ಉಣಕಲ್_ಡಿಬಿಎ

ಮೊದಲು ಆ ನೂರು ಎಲ್ಲಿಂದ ಬಂತು ಅಂತ ಹೇಳಿಬಿಡ್ತೇನೆ, ಉಳಿದದ್ದು ಆಮೇಲೆ ತಾನಾಗೇ ಅರ್ಥ ಆಗುತ್ತೆ. ಕಾಲಮ್ಮಿನ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ ಪ್ಲಾನರ್ ಅದರಲ್ಲಿ 200 ಬೇರೆಬೇರೆ ಮೌಲ್ಯ ಇದೆ ಅಂತ ಇಟ್ಟುಕೊಳ್ಳುತ್ತೆ. ಒಂದು ಸಮ ಚಿಹ್ನೆಗೆ 200ರಲ್ಲಿ ಒಂದು ಪಾಲು. ನಿಮ್ಮದು ಎರಡು ಕಾಲಮ್. 40 ಲಕ್ಷವನ್ನು 200ರಿಂದ ಭಾಗಿಸಿದರೆ 20,000, ಇನ್ನೊಮ್ಮೆ ಭಾಗಿಸಿದರೆ 100. ಯಾರ್ಡ್ ಬ್ಯಾಡಗಿ, ಮಾಲು ಮೆಣಸಿನಕಾಯಿ ಅಂದರೆ ಅರ್ಧ ಟೇಬಲ್ಲೇ ಅದು ಅಂತ ಅದಕ್ಕೆ ಹೇಳುವವರು ಯಾರು? ಪಿಜಿ-ಸ್ಟ್ಯಾಟಿಸ್ಟಿಕ್ ಕ್ಯಾಟಲಾಗ್ (ಅನಲೈಸ್ ಮಾಡಿದ ಲೆಕ್ಕ ಇಟ್ಟಿರುವ ಒಳಗಿನ ಟೇಬಲ್) ಹೇಳಬೇಕು. 17ರವರೆಗೆ ಪಿಜಿ-ಅಪ್‌ಗ್ರೇಡ್ ಅದನ್ನು ಹೊಸ ಕಡೆಗೆ ತರುತ್ತಲೇ ಇರಲಿಲ್ಲ. ಟೇಬಲ್, ಇಂಡೆಕ್ಸ್ ಎಲ್ಲಾ ಬರುತ್ತಿತ್ತು, ಇದೊಂದು ಖಾಲಿ.

2025ರ ಸೆಪ್ಟೆಂಬರಿನಲ್ಲಿ ಬಂದ 18ರಲ್ಲಿ ಇದು ಬದಲಾಯ್ತು. ಈಗ ಪಿಜಿ-ಅಪ್‌ಗ್ರೇಡ್ ಹಳೆಯ ಸರ್ವರಿನಿಂದ ಸ್ಟ್ಯಾಟಿಸ್ಟಿಕ್ಸ್ ಓದಿ ಹೊಸದಕ್ಕೆ ಹಾಕುತ್ತೆ. ಹಳೆಯದು 14 ಆಗಿದ್ದರೂ ಪರವಾಗಿಲ್ಲ, ಓದುವ ಕೆಲಸ 18ರ ಟೂಲಿನದ್ದು. ಸೋಮವಾರದ ಕಥೆ ಅದೇ ರೀತಿ ಮರುಕಳಿಸಲ್ಲ.

ಆದರೆ ಪೂರ್ತಿ ಅಲ್ಲ. ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಅಂತ ಕೊಟ್ಟು ಮಾಡಿದ ಎಕ್ಸ್‌ಟೆಂಡೆಡ್ ಸ್ಟ್ಯಾಟಿಸ್ಟಿಕ್ಸ್ (ಕಾಲಮ್‌ಗಳನ್ನು ಒಟ್ಟಿಗೆ ನೋಡಿ ಮಾಡುವ ಲೆಕ್ಕ) ಬರಲ್ಲ. ಅದರ ಡೆಫಿನಿಷನ್ ಬರುತ್ತೆ, ಒಳಗಿನ ಲೆಕ್ಕ ಬರಲ್ಲ. ನಿಮ್ಮಲ್ಲಿ ಯಾರ್ಡಿಗೂ ಮಾಲಿಗೂ ಸಂಬಂಧ ಇರೋದರಿಂದ ಆ ಎರಡು ಕಾಲಮ್ ಜೋಡಿಗೆ ಅದನ್ನು ಮಾಡಿರಬೇಕು, ಮಾಡಿಲ್ಲದಿದ್ದರೆ ಮಾಡಿ. ಇದನ್ನು ತುಂಬೋಕೆ, ಡೇಟಾಬೇಸಿನ ಟೇಬಲ್ಲುಗಳಿಗೆಲ್ಲಾ ಅನಲೈಸ್ ಓಡಿಸಬಲ್ಲ ವ್ಯಾಕ್ಯೂಮ್-ಡಿಬಿ ಟೂಲಿಗೆ ಮಿಸ್ಸಿಂಗ್-ಸ್ಟ್ಯಾಟ್ಸ್-ಓನ್ಲಿ ಅನ್ನೋ ಹೊಸ ಆಪ್ಷನ್ ಬಂದಿದೆ. ಯಾವುದಕ್ಕೆ ಲೆಕ್ಕ ಇಲ್ಲವೋ ಅದನ್ನಷ್ಟೇ ಹುಡುಕಿ ಅನಲೈಸ್ ಮಾಡುತ್ತೆ.

ಇಲ್ಲೊಂದು ಎಚ್ಚರಿಕೆ. ಹಳೆಯ ಅಪ್‌ಗ್ರೇಡ್ ಸ್ಕ್ರಿಪ್ಟುಗಳ ಕೊನೆಯಲ್ಲಿ ಅನಲೈಸ್-ಇನ್-ಸ್ಟೇಜಸ್ ಅಂತ ಒಂದು ಸಾಲು ಇದ್ದೇ ಇರುತ್ತೆ. ಅದು ಮೊದಲ ಸುತ್ತಿನಲ್ಲಿ ಟಾರ್ಗೆಟ್ (ಲೆಕ್ಕ ಎಷ್ಟು ವಿವರವಾಗಿರಬೇಕು ಅನ್ನೋ ಅಂಕಿ) 1 ಇಟ್ಟು ಓಡುತ್ತೆ, ಆಮೇಲೆ 10, ಆಮೇಲೆ ಮಾಮೂಲಿನ 100. ಏನೂ ಇಲ್ಲದಿದ್ದಾಗ ಟಾರ್ಗೆಟ್ 1ರ ಒರಟು ಲೆಕ್ಕವೂ ಲಾಭವೇ. ಆದರೆ 18ರಲ್ಲಿ ಆಗಲೇ ಒಳ್ಳೆಯ ಲೆಕ್ಕ ಬಂದು ಕೂತಿರುತ್ತೆ, ಇದು ಹೋಗಿ ಅದರ ಮೇಲೆ ಒರಟು ಲೆಕ್ಕ ಬರೆದುಬಿಡುತ್ತೆ. ಸಾವಿರಾರು ಟೇಬಲ್ ಇರುವ ನಿಮ್ಮಂಥವರಿಗೆ ಮೂರನೇ ಸುತ್ತು ಮುಗಿಯುವವರೆಗೂ ಪ್ಲಾನ್‌ಗಳು ಮೊದಲಿಗಿಂತ ಕೆಟ್ಟದಾಗಿರುತ್ತವೆ. ಆ ಸಾಲಿಗೆ ಮಿಸ್ಸಿಂಗ್-ಸ್ಟ್ಯಾಟ್ಸ್-ಓನ್ಲಿ ಸೇರಿಸದೇ ಓಡಿಸಬೇಡಿ.

ಪಿಜಿ-ಡಂಪ್ ವಿಷಯ: 18ರಲ್ಲೂ ತಾನಾಗೇ ಬರಲ್ಲ. ಸ್ಟ್ಯಾಟಿಸ್ಟಿಕ್ಸ್ ಅನ್ನೋ ಆಪ್ಷನ್ ನೀವೇ ಕೊಡಬೇಕು. ಪಿಜಿ-ಅಪ್‌ಗ್ರೇಡ್‌ನಲ್ಲಿ ಮಾತ್ರ ತಾನಾಗೇ ಬರೋದು. ಆ ಡಂಪ್ 18ಕ್ಕಿಂತ ಹಳೆಯ ಸರ್ವರಿಗೆ ಹಾಕೋಕೆ ಆಗಲ್ಲ, ಯಾಕಂದರೆ ಲೆಕ್ಕ ಒಳಗೆ ಹಾಕುವ ಫಂಕ್ಷನ್ನುಗಳೇ ಅಲ್ಲಿಲ್ಲ. ಪಿಜಿ-ಬೇಸ್‌ಬ್ಯಾಕಪ್ ತೆಗೆಯುತ್ತಿದ್ದರೆ ಈ ಚಿಂತೆಯೇ ಇಲ್ಲ, ಅದು ಫೈಲುಗಳನ್ನೇ ಎತ್ತಿಕೊಂಡು ಬರುತ್ತೆ, ಕ್ಯಾಟಲಾಗೂ ಜೊತೆಗೇ. ಆದರೆ ಅದೇ ಮೇಜರ್ ವರ್ಷನ್ನಿಗೆ ಮಾತ್ರ.

ಬೆಟಗೇರಿ_ಬೈಟ್ಸ್

ಇಷ್ಟೆಲ್ಲಾ ಯಾಕ್ರೀ? ಅನಲೈಸ್ ಓಡಿಸಿ, ಮುಗೀತು. ಟೇಬಲ್ ಎಷ್ಟೇ ದೊಡ್ಡದಿರಲಿ, ಟಾರ್ಗೆಟ್ 100 ಇದ್ದರೆ ಅದು ನೋಡೋದು 300ರ ನೂರು ಪಟ್ಟು, ಅಂದರೆ 30,000 ಸಾಲು. ಖರೀದಿದಾರ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು ರೇಟು ಬರೆಯೋದಿಲ್ವಾ, ಹಾಗೆ. 40 ಲಕ್ಷದ ಟೇಬಲ್ಲಿಗೆ ಕೆಲವೇ ಸೆಕೆಂಡ್. ಗದಗದಲ್ಲಿ ನಮ್ಮ ಕಸ್ಟಮರ್‌ಗಳ ಡೇಟಾಬೇಸ್ ಎಲ್ಲಾ ನಾನು ಹೀಗೇ ಅಪ್‌ಗ್ರೇಡ್ ಮಾಡೋದು. ಹಳೆಯ ಲೆಕ್ಕ ಹೊತ್ತು ತರೋದಕ್ಕಿಂತ ಹೊಸದಾಗಿ ಎಣಿಸೋದು ಒಳ್ಳೇದು. ಆ ಟೀಮ್ ಒಂದು ಕಮಾಂಡ್ ಕೊಡದೇ ಹೋದದ್ದಕ್ಕೆ ಡೇಟಾಬೇಸ್ ಏನು ಮಾಡುತ್ತೆ?

ಉಣಕಲ್_ಡಿಬಿಎ

ಒಂದು ಟೇಬಲ್ಲಿಗೆ ನಿಮ್ಮ ಮಾತು ಸರಿ. ಇವರಲ್ಲಿ ಸಾವಿರಗಟ್ಟಲೆ ಇವೆಯಲ್ಲ. ಚಿಕ್ಕ ಟೇಬಲ್ಲಿಗೂ ಒಂದು ಟ್ರಾನ್ಸಾಕ್ಷನ್, ಒಂದು ಲಾಕ್, ಕ್ಯಾಟಲಾಗಿಗೆ ಒಂದಿಷ್ಟು ಬರಹ ಆಗಲೇಬೇಕು. ವ್ಯಾಕ್ಯೂಮ್-ಡಿಬಿಗೆ ಜಾಬ್ಸ್ ಜಾಸ್ತಿ ಕೊಟ್ಟು ಓಡಿಸಿದರೂ, ಸರ್ವರ್ ಈಗಷ್ಟೇ ಎದ್ದಿದೆ, ಮೆಮರಿಯಲ್ಲಿ ಏನೂ ಇಲ್ಲ, ಎಲ್ಲಾ ಡಿಸ್ಕಿನಿಂದಲೇ ಓದಬೇಕು. ಭಾನುವಾರ ಇಡೀ ದಿನ ಸಿಕ್ಕಿದರೆ ಸರಿ. ರಾತ್ರಿ ಎರಡು ತಾಸು ಮಾತ್ರ ಕೊಟ್ಟಿದ್ದರೆ ಲೆಕ್ಕ ಜೊತೆಗೇ ಬರೋದರಲ್ಲೇ ಜೀವ ಉಳಿಯೋದು.

ಇನ್ನೊಂದು, ಅನಲೈಸ್ ಬೇಡ ಅಂತ ನಾನು ಹೇಳಿಲ್ಲ. ಪ್ಲಾನರ್ ಲೆಕ್ಕ ಬರುತ್ತೆ, ಆದರೆ ಯಾವ ಟೇಬಲ್ಲಿನಲ್ಲಿ ಎಷ್ಟು ಸಾಲು ಬದಲಾಯ್ತು ಅಂತ ಎಣಿಸುವ ಕೌಂಟರ್‌ಗಳು ಅಪ್‌ಗ್ರೇಡ್ ದಾಟಿ ಬರಲ್ಲ, ಸೊನ್ನೆಯಿಂದ ಶುರು. ಆಟೋವ್ಯಾಕ್ಯೂಮ್ (ಹಿನ್ನೆಲೆಯಲ್ಲಿ ತಾನಾಗೇ ಓಡುವ ನಿರ್ವಹಣೆ ಕೆಲಸ) ಅನಲೈಸ್‌ಗೆ ಕೈಹಾಕೋದು ಆ ಕೌಂಟರ್ ನೋಡಿ: 50 ಸಾಲು, ಅದರ ಮೇಲೆ ಟೇಬಲ್ಲಿನ ಶೇ. 10. ನಿಮ್ಮ 40 ಲಕ್ಷದ ಟೇಬಲ್ಲಿಗೆ 4 ಲಕ್ಷ ಬದಲಾವಣೆ ಆಗಬೇಕು. ಅಪ್‌ಗ್ರೇಡಿನ ಹಿಂದಿನ ದಿನ ಮೂರೂವರೆ ಲಕ್ಷ ಆಗಿತ್ತು ಅನ್ನೋದು ಅದಕ್ಕೆ ಮರೆತುಹೋಗಿರುತ್ತೆ. ಸೀಸನ್ ಇಲ್ಲದಾಗ 4 ಲಕ್ಷ ಯಾವಾಗ ತುಂಬಬೇಕು? ಅದಕ್ಕೇ ಮಿಸ್ಸಿಂಗ್ ಇರೋದನ್ನು ಮೊದಲು ತುಂಬಿಸಿ, ಅಪ್ಲಿಕೇಶನ್ ತೆರೆದು, ಆಮೇಲೆ ಬಿಡುವಿನಲ್ಲಿ ಎಲ್ಲದಕ್ಕೂ ಒಂದು ಸಲ ಅನಲೈಸ್-ಓನ್ಲಿ. ಅವರ ಡಾಕ್ಯುಮೆಂಟಿನಲ್ಲೂ ಇದೇ ಕ್ರಮ ಇದೆ.

ಸಪ್ತಾಪುರ_ಭಾವಿ

ಒರಾಕಲ್ ಡೇಟಾಬೇಸ್‌ನಲ್ಲಿ ದುಡಿಯುವವರಿಗೆ ಈ ಚರ್ಚೆ ನೋಡಿದರೆ ನಗು ಬರುತ್ತೆ, ಬೇಜಾರು ಮಾಡ್ಕೋಬೇಡಿ. ಡಿಬಿಎಂಎಸ್-ಸ್ಟ್ಯಾಟ್ಸ್ ಪ್ಯಾಕೇಜಿನಲ್ಲಿ ಲೆಕ್ಕವನ್ನು ಒಂದು ಟೇಬಲ್ಲಿಗೆ ಎಕ್ಸ್‌ಪೋರ್ಟ್ ಮಾಡಿ, ಇನ್ನೊಂದು ಕಡೆ ಇಂಪೋರ್ಟ್ ಮಾಡೋದು ನಮಗೆ ಎಷ್ಟೋ ಕಾಲದಿಂದ ಅಭ್ಯಾಸ. ಹಳೆಯ ಲೆಕ್ಕ ಮಾಮೂಲಿಗೆ 31 ದಿನ ಇಟ್ಟಿರುತ್ತೆ, ಹೊಸದು ಕೈಕೊಟ್ಟರೆ ಹಿಂದಿನದಕ್ಕೆ ಮರಳಬಹುದು. ಟೇಬಲ್ಲಿನ ಲೆಕ್ಕ ಬದಲಾಗದ ಹಾಗೆ ಲಾಕ್ ಕೂಡ ಹಾಕಬಹುದು.

ಬೆಟಗೇರಿಯವರಿಗೆ ಒಂದು ಮಾತು. ಹೊಸದಾಗಿ ಎಣಿಸಿದ್ದು ಯಾವಾಗಲೂ ಒಳ್ಳೇದು ಅಂತ ನಾನು ಒಪ್ಪಲ್ಲ. ವರ್ಷನ್ನೂ ಬದಲಾಗಿ ಅದೇ ರಾತ್ರಿ ಸ್ಯಾಂಪಲ್ಲೂ ಬದಲಾದರೆ, ಬೆಳಿಗ್ಗೆ ಒಂದು ಕ್ವೆರಿ ನಿಧಾನ ಆದಾಗ ತಪ್ಪು ಹೊಸ ಪ್ಲಾನರಿನದ್ದಾ, ಹೊಸ ಲೆಕ್ಕದ್ದಾ ಅಂತ ಹೇಗೆ ಹೇಳ್ತೀರಿ? ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಬೇಕು. ನನಗೆ 18ರಲ್ಲಿ ಹಿಡಿಸಿದ್ದು ಇದೇ.

ಉಣಕಲ್_ಡಿಬಿಎ

ಒಪ್ಪಿದೆ. ಲಾಕ್ ಮಾತ್ರ ಪೋಸ್ಟ್‌ಗ್ರೆಸ್‌ನಲ್ಲಿಲ್ಲ. ಡಂಪಿನಿಂದ ಸ್ಟ್ಯಾಟಿಸ್ಟಿಕ್ಸ್ ಹಾಕಿದರೂ, ಡೇಟಾ ತುಂಬಿದ್ದಕ್ಕೆ ಕೌಂಟರ್ ಏರಿರುತ್ತೆ, ಸ್ವಲ್ಪ ಹೊತ್ತಿಗೆ ಆಟೋವ್ಯಾಕ್ಯೂಮ್ ಬಂದು ತನ್ನದೇ ಲೆಕ್ಕ ಬರೆಯುತ್ತೆ.

ಬ್ಯಾಡಗಿ ಸರ್, ಲ್ಯಾಪ್‌ಟಾಪ್ ಪ್ರಶ್ನೆ ಬಾಕಿ ಇತ್ತು. ಪಿಜಿ-ಡಂಪ್‌ಗೆ ಸ್ಟ್ಯಾಟಿಸ್ಟಿಕ್ಸ್-ಓನ್ಲಿ ಅಂತ ಆಪ್ಷನ್ ಇದೆ, ಆದರೆ ನೀವು ಅಂದುಕೊಂಡ ಹಾಗೆ ಕೆಲಸ ಮಾಡಲ್ಲ. ಪ್ಲಾನರ್ ಸಾಲುಗಳ ಸಂಖ್ಯೆಯನ್ನು ಕ್ಯಾಟಲಾಗಿನಿಂದ ನೇರ ತಗೊಳ್ಳಲ್ಲ. ಅಲ್ಲಿರುವ ಸಾಲು ಮತ್ತು ಪೇಜುಗಳ (ಡಿಸ್ಕಿನಲ್ಲಿ ಟೇಬಲ್ ಇಡುವ ಒಂದೇ ಅಳತೆಯ ತುಂಡುಗಳು) ಸಂಖ್ಯೆಯಿಂದ ಒಂದು ಪೇಜಿಗೆ ಎಷ್ಟು ಸಾಲು ಅಂತ ತೆಗೆದು, ಡಿಸ್ಕಿನಲ್ಲಿ ಈಗ ನಿಜವಾಗಿ ಎಷ್ಟು ಪೇಜ್ ಇದೆಯೋ ಅದಕ್ಕೆ ಗುಣಿಸುತ್ತೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಫೈಲೇ ಖಾಲಿ, ಸೊನ್ನೆ ಪೇಜ್. 40 ಲಕ್ಷ ಅಂತ ಕ್ಯಾಟಲಾಗಿನಲ್ಲಿ ಬರೆದಿದ್ದರೂ ಎಕ್ಸ್‌ಪ್ಲೇನ್‌ನಲ್ಲಿ ಒಂದು ಸಾಲು ಅಂತ ಬರುತ್ತೆ. ಬೇಸ್‌ಬ್ಯಾಕಪ್ಪನ್ನು ಒಂದು ಟೆಸ್ಟ್ ಮಷೀನಿನಲ್ಲಿ ಎಬ್ಬಿಸಿ ನೋಡೋದೇ ದಾರಿ. ಅಪ್‌ಗ್ರೇಡ್ ರಿಹರ್ಸಲ್ ಕೂಡ ಅದರ ಮೇಲೇ ಮಾಡಬಹುದು.

ಮತ್ತೆ, ಆ ಫೈಲಿನಲ್ಲಿ ಬರೀ ಅಂಕಿಅಂಶ ಇದೆ, ಡೇಟಾ ಇಲ್ಲ ಅಂದುಕೊಂಡು ಯಾರಿಗೂ ಮೇಲ್ ಮಾಡಬೇಡಿ. ಜಾಸ್ತಿ ಸಲ ಬರುವ ಮೌಲ್ಯಗಳು, ಹಿಸ್ಟೋಗ್ರಾಮಿನ (ಕಾಲಮ್ಮಿನ ಮೌಲ್ಯಗಳನ್ನು ಸಮ ಪಾಲಾಗಿ ಹಂಚಿದ ಪಟ್ಟಿ) ಗಡಿಗಳು, ಇವೆಲ್ಲಾ ಟೇಬಲ್ಲಿನ ನಿಜವಾದ ಮೌಲ್ಯಗಳೇ. ರೈತರ ಮೊಬೈಲ್ ಕಾಲಮ್ಮಿಗೆ ಹಿಸ್ಟೋಗ್ರಾಮ್ ಆಗಿದ್ದರೆ ಟಾರ್ಗೆಟ್ 100ಕ್ಕೆ 101 ಅಸಲಿ ನಂಬರ್ ಅದರಲ್ಲಿ ಕೂತಿರುತ್ತೆ. ಬ್ಯಾಂಕ್ ಖಾತೆ ಕಾಲಮ್ಮಿಗೂ ಹಾಗೇ.

ಬ್ಯಾಡಗಿ_ಬ್ಯಾಕೆಂಡ್

ಅಬ್ಬಾ, ಮೊಬೈಲ್ ನಂಬರ್ ವಿಷಯ ತಲೆಗೇ ಹೊಳೆದಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಟೆಸ್ಟ್ ಮಷೀನಿನಲ್ಲಿ ಬೇಸ್‌ಬ್ಯಾಕಪ್ ಎಬ್ಬಿಸಿ ಪಿಜಿ-ಅಪ್‌ಗ್ರೇಡ್ ಚೆಕ್ ಓಡಿಸಿದೆ, ಚೆಕ್‌ಸಮ್ (ಡಿಸ್ಕಿನಲ್ಲಿ ಡೇಟಾ ಕೆಟ್ಟಿದ್ದರೆ ಹಿಡಿಯುವ ಗುರುತು) ಹೊಂದಿಕೆಯಾಗಲ್ಲ ಅಂತ ಅಲ್ಲೇ ನಿಲ್ಲಿಸಿತು. ಇನ್ನೊಂದು, ಆ ದೊಡ್ಡ ಲಾಟು ಟೇಬಲ್ ಈಗ ವರ್ಷಕ್ಕೊಂದು ಪಾರ್ಟಿಷನ್ ಆಗಿದೆ. ಅದಕ್ಕೆ ಬೇರೆ ಏನಾದರೂ ಮಾಡಬೇಕಾ?

ಉಣಕಲ್_ಡಿಬಿಎ

ಚೆಕ್‌ಸಮ್: 18ರ ಇನಿಟ್-ಡಿಬಿ (ಹೊಸ ಕ್ಲಸ್ಟರ್, ಅಂದರೆ ಸರ್ವರಿನ ಡೇಟಾ ಜಾಗ, ಸಿದ್ಧ ಮಾಡುವ ಟೂಲ್) ಅದನ್ನು ತಾನಾಗೇ ಆನ್ ಮಾಡುತ್ತೆ, ನಿಮ್ಮ 14ರಲ್ಲಿ ಆಫ್ ಇದೆ. ಹೊಸ ಕ್ಲಸ್ಟರ್ ಮಾಡುವಾಗ ನೋ-ಡೇಟಾ-ಚೆಕ್‌ಸಮ್ಸ್ ಕೊಡಿ. ಅಥವಾ ಟೈಮ್ ಇದ್ದರೆ ಹಳೆಯದನ್ನು ನಿಲ್ಲಿಸಿ ಪಿಜಿ-ಚೆಕ್‌ಸಮ್ಸ್‌ನಿಂದ ಆನ್ ಮಾಡಿಕೊಳ್ಳಿ. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ, ಒಂದು ಭಾನುವಾರ ಹೋದರೂ ಪರವಾಗಿಲ್ಲ.

ಪಾರ್ಟಿಷನ್: ಒಂದೊಂದು ವರ್ಷದ ಪಾರ್ಟಿಷನ್ನನ್ನು ಆಟೋವ್ಯಾಕ್ಯೂಮ್ ನೋಡಿಕೊಳ್ಳುತ್ತೆ, ಮೇಲಿನ ತಾಯಿ ಟೇಬಲ್ಲನ್ನು ಅದು ಯಾವತ್ತೂ ಅನಲೈಸ್ ಮಾಡಲ್ಲ. ಇದಕ್ಕೂ ಅಪ್‌ಗ್ರೇಡಿಗೂ ಸಂಬಂಧ ಇಲ್ಲ. ಈಗ 14ರಲ್ಲಿ ತಾಯಿ ಟೇಬಲ್ಲಿಗೆ ಲೆಕ್ಕವೇ ಇಲ್ಲದಿದ್ದರೆ, 18ಕ್ಕೆ ಬರೋದೂ ಅದೇ ಖಾಲಿ. ಪಿಜಿ-ಸ್ಟ್ಯಾಟ್ಸ್ ವ್ಯೂನಲ್ಲಿ ಅದರ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಅನಲೈಸ್ ಕೈಯಾರೆ ಕೊಡಿ, ವಾರಕ್ಕೊಮ್ಮೆ ತಾನಾಗೇ ಓಡುವ ಹಾಗೆ ಕ್ರಾನ್‌ನಲ್ಲೂ ಹಾಕಿ. ತಾಯಿಗೆ ಅನಲೈಸ್ ಕೊಟ್ಟರೆ 14ರಲ್ಲಿ ಎಲ್ಲಾ ಪಾರ್ಟಿಷನ್ನುಗಳನ್ನೂ ಮತ್ತೆ ಮಾಡುತ್ತೆ. 18ರಲ್ಲಿ ಟೇಬಲ್ ಹೆಸರಿನ ಮುಂದೆ ಓನ್ಲಿ ಸೇರಿಸಿದರೆ ತಾಯಿಯದ್ದಷ್ಟೇ ಲೆಕ್ಕ ಹಾಕಿ ಸುಮ್ಮನಾಗುತ್ತೆ.

ಬೆಟಗೇರಿ_ಬೈಟ್ಸ್

ಈ ಓನ್ಲಿ ಆಪ್ಷನ್ ಗೊತ್ತಿರಲಿಲ್ಲ ನೋಡ್ರಿ, ನಮ್ಮ ಕ್ರಾನ್ ಸಾಲು ಇವತ್ತೇ ತಿದ್ದುತ್ತೇನೆ. ಗಂಟೆಗಟ್ಟಲೆ ಓಡೋದು ಅದೊಂದೇ.