ಸೈನಸ್ ಆಪರೇಷನ್ ಆಗಿ ಮೂರು ವಾರ, ಮೂಗು ಮತ್ತೆ ಕಟ್ಟಿದೆ. ಹೀಗಾಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಎಂಡೋಸ್ಕೋಪ್ ಹಾಕಿ ಮಾಡುವ ಸೈನಸ್ ಆಪರೇಷನ್ ಆಗಿ ಮೂರು ವಾರ ಆಯಿತು. ನಡುವೆ ಉಸಿರಾಟ ಚೆನ್ನಾಗಿತ್ತು. ಈಗ ಮತ್ತೆ ಮೂಗು ಕಟ್ಟಿದೆ, ಕಂದು ಬಣ್ಣದ ಹಕ್ಕಳೆ ಬರುತ್ತಿದೆ. ಚರ್ಮ ಕೊಯ್ದಿದ್ದರೆ ಇಷ್ಟು ಹೊತ್ತಿಗೆ ವಾಸಿಯಾಗುತ್ತಿತ್ತು ಅಲ್ವಾ? ಒಳಗೆ ಯಾಕೆ ಇಷ್ಟು ನಿಧಾನ?

ಇಎನ್‌ಟಿ ಡಾಕ್ಟರ್: ನಮಸ್ಕಾರ. ಚರ್ಮ ಕೊಯ್ದರೆ ಎರಡೂ ಅಂಚು ಸೇರಿಸಿ ಹೊಲಿಗೆ ಹಾಕುತ್ತೇವೆ. ಸೈನಸ್ ಎಂದರೆ ಮೂಗಿನ ಸುತ್ತಲಿನ ಮೂಳೆಗಳಲ್ಲಿರುವ ಗಾಳಿಯ ಪೊಳ್ಳು. ಅದರ ಒಳಗೆ ಸಾಮಾನ್ಯವಾಗಿ ಹೊಲಿಗೆ ಇರುವುದಿಲ್ಲ, ಗಾಯ ತೆರೆದೇ ಇರುತ್ತದೆ. ಸುತ್ತ ಉಳಿದಿರುವ ಒಳಪೊರೆಯ ಜೀವಕೋಶಗಳೇ ಅಂಚಿನಿಂದ ತೆವಳಿಕೊಂಡು ಬಂದು ಅದನ್ನು ಮುಚ್ಚಬೇಕು.

ಮೊದಲ ವಾರ, ಹತ್ತು ದಿನ ಹೆಪ್ಪುಗಟ್ಟಿದ ರಕ್ತದ್ದೇ ಕಾರುಬಾರು. ಆಮೇಲೆ ಹೊಸ ರಕ್ತನಾಳಗಳು ತುಂಬಿದ ಮೆತ್ತನೆಯ ಅಂಗಾಂಶ ಬೆಳೆಯುತ್ತದೆ, ಒಳಗೆಲ್ಲ ಊದಿಕೊಳ್ಳುತ್ತದೆ. ನೀವು ಈಗ ಇರುವುದು ಬಹುಶಃ ಇದೇ ಹಂತದಲ್ಲಿ. ಹಾಗಂತ ನೋಡದೇ ಸೋಂಕು ಇಲ್ಲ ಎನ್ನಲು ಬರುವುದಿಲ್ಲ. ಆಪರೇಷನ್ ಮಾಡಿದವರಿಗೆ ಒಮ್ಮೆ ತೋರಿಸಿ.

ಗಾಯ ಮುಚ್ಚಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮೊದಲು ಬರುವ ಹೊದಿಕೆ ಬೋಳು. ಮೂಗಿನ ಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ, ಸಿಲಿಯಾ ಎನ್ನುತ್ತೇವೆ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತಾ ಸಿಂಬಳವನ್ನು ನಿಮಿಷಕ್ಕೆ ಕೆಲವು ಮಿಲಿಮೀಟರ್‌ನಂತೆ ಗಂಟಲ ಕಡೆ ತಳ್ಳುತ್ತವೆ. ಹೊಸ ಪೊರೆಯಲ್ಲಿ ಇವು ಬರುವುದು ಕೊನೆಗೆ. ಬಂದರೂ ಒಂದೇ ದಿಕ್ಕಿಗೆ ಒಟ್ಟಾಗಿ ಬಡಿಯಲು ತಿಂಗಳುಗಳೇ ಬೇಕು, ಮೂರು ತಿಂಗಳು ಅಥವಾ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಸಿಂಬಳ ನಿಂತಲ್ಲೇ ನಿಂತು ಒಣಗುತ್ತದೆ. ನಿಮಗೆ ಬರುತ್ತಿರುವ ಹಕ್ಕಳೆ ಅದೇ, ಜೊತೆಗೆ ಒಂದಿಷ್ಟು ಹಳೆಯ ರಕ್ತ.

ಪೊರೆ ಪೂರ್ತಿ ಕಿತ್ತು ಮೂಳೆ ಕಂಡ ಜಾಗ ಇನ್ನೂ ನಿಧಾನ. ಹಿಂದೆ ಕಾಲ್ಡ್‌ವೆಲ್-ಲಕ್ ಆಪರೇಷನ್‌ನಲ್ಲಿ ಕೆನ್ನೆಯ ಸೈನಸ್‌ನ ಪೊರೆಯನ್ನೇ ಕೆರೆದು ತೆಗೆಯುತ್ತಿದ್ದರು. ಮತ್ತೆ ಬೆಳೆದ ಪೊರೆಯಲ್ಲಿ ಗಾಯದ ಕಲೆ ಜಾಸ್ತಿ, ಸಿಲಿಯಾ ಕಡಿಮೆ. ಈಗ ಪೊರೆಯನ್ನು ಆದಷ್ಟೂ ಉಳಿಸಿಕೊಂಡು ಆಪರೇಷನ್ ಮಾಡುವುದು ಇದಕ್ಕೇ.

ಪ್ರಶ್ನೆ: ಥ್ಯಾಂಕ್ಸ್ ಡಾಕ್ಟ್ರೇ. ಹಕ್ಕಳೆ ನಾನೇ ತೆಗೆದುಬಿಡಲಾ? ತುಂಬಾ ಕಿರಿಕಿರಿ.

ಇಎನ್‌ಟಿ ಡಾಕ್ಟರ್: ದಯವಿಟ್ಟು ಬೇಡ. ಗಟ್ಟಿಯಾಗಿ ಅಂಟಿದ್ದನ್ನು ಕಿತ್ತರೆ ಕೆಳಗಿನ ಹೊಸ ಪೊರೆಯೂ ಕಿತ್ತು ಬರುತ್ತದೆ, ರಕ್ತವೂ ಬರುತ್ತದೆ. ಹಾಗಂತ ಎಲ್ಲವನ್ನೂ ಹಾಗೇ ಬಿಡುವಂತೆಯೂ ಇಲ್ಲ. ಎದುರುಬದುರು ಇರುವ ಎರಡು ಹಸಿ ಗಾಯಗಳ ನಡುವೆ ಹಕ್ಕಳೆ ಸೇತುವೆ ಕಟ್ಟಿದರೆ ಅವು ಅಂಟಿಕೊಂಡು ಬೆಳೆಯಬಹುದು. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಒಳಗೆ ನೋಡಿಯೇ ಹೇಳಬೇಕು.

ನೀವು ಮಾಡಬಹುದಾದದ್ದು ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಎಷ್ಟು ಸಲ ಎಂದು ನಿಮ್ಮ ಡಾಕ್ಟರ್ ಹೇಳಿರುತ್ತಾರೆ. ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ. ನಲ್ಲಿ ನೀರು ನೇರವಾಗಿ ಬೇಡವೇ ಬೇಡ. ಸಿಗರೇಟ್ ಸೇದುತ್ತಿದ್ದರೆ ನಿಲ್ಲಿಸಿ, ಹೊಗೆ ಸಿಲಿಯಾಕ್ಕೆ ನೇರ ಪೆಟ್ಟು.

ಇನ್ನೊಬ್ಬ ಸದಸ್ಯರು: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನಗೂ ಇದೇ ಆಪರೇಷನ್ ಆಗಿದೆ. ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರು ಸೋರುತ್ತದೆ. ಸುಮ್ನೆ ನೆಗಡಿ ಇರಬಹುದಾ?

ಇಎನ್‌ಟಿ ಡಾಕ್ಟರ್: ಕಾಯಬೇಡಿ, ಇವತ್ತೇ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ. ಮೂಗು ತೊಳೆದಾಗ ಒಳಗೆ ಉಳಿದ ನೀರೂ ಹಾಗೆ ಸುರಿಯುವುದುಂಟು. ಆದರೆ ಮಿದುಳಿನ ಸುತ್ತಲಿನ ದ್ರವ ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಅವರು ಹೇಳುವವರೆಗೆ ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಜ್ವರ, ಜೋರು ತಲೆನೋವು, ಕತ್ತು ಬಿಗಿತ ಇದ್ದರೆ ಫೋನ್ ಬಿಟ್ಟು ನೇರವಾಗಿ ಎಮರ್ಜೆನ್ಸಿಗೆ ಹೋಗಿ.