ಹಾಡಿನ ಹಿಂದಿನ ದುಃಖವನ್ನು ಮಗಳಿಗೆ ಹೇಳಬೇಕೇ?

ಕಲಬುರಗಿಯವರು, ಈಗ ಮೆಲ್ಬರ್ನ್:
ಎಲ್ಲರಿಗೂ ಶರಣು. ನಮ್ಮ ಮಗಳಿಗೆ ಈಗ 12 ವರ್ಷ. ಈ ಸಲದ ರಾಜ್ಯೋತ್ಸವದಲ್ಲಿ ಹಾಡಲು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಗೀತೆಯನ್ನು ತಾನೇ ಆರಿಸಿಕೊಂಡಿದ್ದಾಳೆ. ನಾವು ಕಲಬುರಗಿ ಬಿಟ್ಟು ಬರುವ ದಿನ ಅವಳ ಗೆಳತಿ ಗೇಟಿನ ಬಳಿ ನಿಂತು, ಒಂದು ಮಾತೂ ಆಡದೆ ನೋಡುತ್ತಲೇ ಇದ್ದಳು. ಈ ಹಾಡು ಆ ನೋಟದ ಹಾಡೆಂದೇ ಮಗಳು ನಂಬಿದ್ದಾಳೆ. ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ತಾಳಲಾರದೆ ಕವಿ ಇದನ್ನು ಬರೆದರೆಂಬುದು ಅವಳಿಗೆ ತಿಳಿಯದು. ಮೊನ್ನೆ ಅಭ್ಯಾಸ ಮಾಡುತ್ತಿದ್ದಾಗ, ಹುಣ್ಣಿಮೆಯ ಚಂದ್ರನ ಹೆಣ ಹಗಲಿನ ಮುಗಿಲಲ್ಲಿ ತೇಲಿ ಬರುವ ಸಾಲಿಗೆ ಬಂದು ನಿಲ್ಲಿಸಿ, “ಅವ್ವಾ, ಊರು ಬಿಟ್ಟರೆ ಚಂದ್ರ ಯಾಕೆ ಸಾಯಬೇಕು?” ಎಂದು ಕೇಳಿದಳು. ನಾನು ಒಲೆ ಆರಿಸುವ ನೆಪದಲ್ಲಿ ಎದ್ದುಹೋದೆ. ನಿಜ ಹೇಳಿದರೆ ಆ ಹಾಡು ಅವಳಿಂದ ದೂರವಾದೀತು, ಹೇಳದಿದ್ದರೆ ಸಭೆಯಲ್ಲಿ ಬೇರೆ ಯಾರಾದರೂ ಹೇಳಿಬಿಟ್ಟಾರು. ಮಕ್ಕಳೊಡನೆ ಇಂಥ ಮಾತಾಡಿದವರು ದಯವಿಟ್ಟು ತಿಳಿಸಿ.

ಸುರಪುರದವರು, ಈಗ ಲೀಡ್ಸ್:
ಅಕ್ಕ, ನಾನು ಇಲ್ಲಿ ಶನಿವಾರದ ಕನ್ನಡ ತರಗತಿ ನಡೆಸುತ್ತೇನೆ. ಹೇಳಿ, ಆದರೆ ಕವಿಯ ಕಥೆಯಿಂದ ಆರಂಭಿಸಬೇಡಿ. ಅವಳೇ ಎತ್ತಿದ ಪ್ರಶ್ನೆ ಕೈಯಲ್ಲಿದೆಯಲ್ಲ, ಅಲ್ಲಿಂದ ಹೊರಡಿ. ಹಗಲಿನಲ್ಲಿ ಬಿಳಿಚಿಕೊಂಡ ಚಂದ್ರನನ್ನು ಯಾರ ಮುಖದಲ್ಲಿ ಕಂಡಿರಬಹುದು ಎಂದು ಕೇಳಿ, ಅವಳು ಏನೆನ್ನುತ್ತಾಳೋ ಕೇಳಿಸಿಕೊಂಡು, ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ತಿಳಿಸಿ. ಗೆಳತಿಯ ನೋಟ ಸುಳ್ಳೆಂದು ಮಾತ್ರ ಹೇಳಬೇಡಿ, ಏಕೆಂದರೆ ನೋಡುವವರಿಗೆ ಉತ್ತರ ಕೊಡಲಾಗದ ಸಂಕಟ ಎರಡೂ ಕಡೆ ಒಂದೇ. ಕಾರ್ಯಕ್ರಮದ ಹಿಂದಿನ ರಾತ್ರಿಯಂತೂ ಬೇಡ. ಮನಸ್ಸಿಗೆ ಇಳಿಯಲು ಒಂದೆರಡು ವಾರವಾದರೂ ಇರಲಿ.

ಹುಮನಾಬಾದಿನವರು, ಈಗ ಟೊರಾಂಟೊ:
ತಂಗಿಯ ಬರಹ ಓದಿ ನಮ್ಮ ಅವ್ವನ ಬೀಸುವ ಪದ ನೆನಪಾಯಿತು. ಪಂಚಮಿ ಬಂದರೂ ಅಣ್ಣ ಕರೆಯಲು ಬರಲಿಲ್ಲವೆಂದು ಗಂಡನ ಮನೆಯಲ್ಲಿರುವ ಹೆಣ್ಣುಮಗಳು ದಾರಿ ಕಾಯುವ ಪದ ಅದು. ಅವ್ವ ಜೋಳ ಬೀಸುತ್ತ, ಕಲ್ಲಿನ ಬಾಯಿಗೆ ಹಿಡಿ ಕಾಳು ಹಾಕುವಷ್ಟು ಹೊತ್ತು ದನಿ ನಿಲ್ಲಿಸಿ, ಮತ್ತೆ ಅದೇ ಎಳೆಯನ್ನು ಹಿಡಿಯುತ್ತಿದ್ದಳು. ಅವಳು ತನ್ನ ತವರನ್ನು ನೆನೆದು ಹಾಡುತ್ತಿದ್ದಳೆಂದು ತಿಳಿದಿದ್ದೆ. ಈಗ ಶ್ರಾವಣ ಬಂದಾಗ ಆ ಪದ ನೆನಪಾದರೆ, ಬಾರದ ಆ ಅಣ್ಣ ನಾನೇ ಎನ್ನಿಸುತ್ತದೆ. ನನ್ನ ತಂಗಿಯನ್ನು ಹಬ್ಬಕ್ಕೆ ಕರೆತರಲು ಇಲ್ಲಿಂದ ಹೋಗುವುದು ಆಗಿಲ್ಲ. ಮಗನಿಗೆ ಈ ಪದದ ಧಾಟಿ ಬರುತ್ತದೆ. ಪಂಚಮಿಗೆ ಕರೆಯಲು ಹೋಗುವುದು ಎಂದರೇನೆಂದು ಅವನಿಗೆ ಹೇಗೆ ತಿಳಿಸಲಿ?

ಕಲಬುರಗಿಯ ಹಿರಿಯರು, ಈಗ ನ್ಯೂಜೆರ್ಸಿ:
ಬೀಸುವ ಪದಕ್ಕೂ ಕವಿ ಬರೆದ ಗೀತೆಗೂ ವ್ಯತ್ಯಾಸವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಬೀಸುವ ಪದಕ್ಕೆ ಕರ್ತೃವಿಲ್ಲ, ಬೀಸಿದವಳೇ ಅದರ ಒಡತಿ. ಬೇಂದ್ರೆಯವರು 1973ರಲ್ಲಿ ಜ್ಞಾನಪೀಠ ಪಡೆದ ಕವಿ. ಅವರು ತಮ್ಮ ಎದೆಯ ನೋವನ್ನು ಒಂದೊಂದು ಮಾತಾಗಿ ತೂಗಿ ಇಟ್ಟಿದ್ದಾರೆ. ನಾವು ಅದನ್ನು ಮದುವೆ ವಾರ್ಷಿಕೋತ್ಸವದಲ್ಲಿ ಗಂಡಹೆಂಡಿರ ಸರಸವೆಂದು ಹಾಡಿಸಿ ಚಪ್ಪಾಳೆ ತಟ್ಟುತ್ತೇವೆ. ಇದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕೇಳುವವನಿಗೆ ತೋಚಿದ್ದೆಲ್ಲ ಅರ್ಥವಾಗುವುದಾದರೆ ಕವಿ ಯಾಕೆ ಬೇಕು? ನನ್ನ ಮಕ್ಕಳಿಬ್ಬರೂ ವಚನಗಳನ್ನು ಅರ್ಥಸಹಿತವಾಗಿಯೇ ಕಲಿತಿದ್ದಾರೆ. ಅರ್ಥ ಒಪ್ಪಿಸದೆ ರಾಗ ಹಿಡಿಯಲು ನಾನು ಬಿಟ್ಟಿಲ್ಲ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಪರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಹಾಡಿನ ನಿಜವಾದ ಹುಟ್ಟನ್ನು ನಾವೇ ಹೇಳಬೇಕು, ಇಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಇಂದೇ ಹೇಳಿ ತಂಗಿ.

ಅಫಜಲಪುರದವರು, ಈಗ ದುಬೈ:
ಕಾಕಾ ಅವರ ಮಾತಿನಲ್ಲಿ ತೂಕವಿದೆ, ಆದರೆ ನಮ್ಮ ಭಾಗದಲ್ಲಿ ಹಾಡು ಉಳಿದುಬಂದ ಬಗೆ ಅದಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ನಮ್ಮಲ್ಲಿ ರಾತ್ರಿಯಿಡೀ ಏಕತಾರಿ ಹಿಡಿದು ಹಾಡುತ್ತಾರೆ. ಕೇಳುತ್ತ ಕುಳಿತವರಲ್ಲಿ ಒಬ್ಬನಿಗೆ ಸಾಲದ ಚಿಂತೆ, ಒಬ್ಬಳಿಗೆ ಸೊಸೆಯ ಮೇಲಿನ ಮುನಿಸು. ಅದೇ ಪದ ಇಬ್ಬರನ್ನೂ ತಟ್ಟುತ್ತದೆ, ಅರ್ಥ ಹೇಳು ಎಂದು ಹಾಡುವವರನ್ನು ಯಾರೂ ನಡುವೆ ತಡೆಯುವುದಿಲ್ಲ. ಶಿಶುನಾಳ ಷರೀಫರ (1819–1889) ‘ಕೋಡಗನ ಕೋಳಿ ನುಂಗಿತ್ತ’ ಕೇಳಿ ನಮ್ಮ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ ಬಿಡಿ. ಮುಂದೆ ಬದುಕಿನಲ್ಲಿ ಪೆಟ್ಟು ತಿಂದ ದಿನ ಅದೇ ಪದ ಅವರಿಗೆ ಬೇರೊಂದು ಬಾಗಿಲು ತೆರೆದೀತು.

ಕಲಬುರಗಿಯ ಹಿರಿಯರು, ಈಗ ನ್ಯೂಜೆರ್ಸಿ:
ಷರೀಫರ ಹೆಸರೆತ್ತಿದ್ದು ಒಳ್ಳೆಯದಾಯಿತು. ಆ ಪದದ ಕೊನೆಗೆ ಗೋವಿಂದ ಗುರುವಿನ ಪಾದವೇ ತನ್ನನ್ನು ನುಂಗಿತೆಂದು ಅವರೇ ಹೇಳಿದ್ದಾರೆ. ದಾರಿ ತೋರಿಸಿಯೇ ಹೋಗಿದ್ದಾರೆ. ನಗುವಲ್ಲಿಗೇ ನಿಂತ ಮಕ್ಕಳಿಗೆ ಆ ಕೊನೆಯ ನುಡಿ ತಲುಪುವುದು ಯಾವಾಗ? ನನ್ನ ಸಲಹೆ ಇಷ್ಟೇ: ರಾಜ್ಯೋತ್ಸವದಲ್ಲಿ ಪ್ರತಿಯೊಂದು ಹಾಡಿಗೂ ಮುನ್ನ ಅದು ಹುಟ್ಟಿದ ಸಂದರ್ಭವನ್ನು ನಿರೂಪಕರು ಓದಬೇಕು.

ಯಾದಗಿರಿಯವರು, ಈಗ ಸಿಂಗಾಪುರ:
ಕಾಕಾ ಅವರ ಸಲಹೆಗೆ ನನ್ನ ಬೆಂಬಲವಿದೆ. ನಮ್ಮ ಸಂಘದಲ್ಲೂ ಇದು ಆಗಬೇಕು, ಸಮಿತಿಯ ಮುಂದಿನ ಸಭೆಯಲ್ಲಿ ಪ್ರಸ್ತಾಪಿಸುತ್ತೇನೆ.

ಔರಾದಿನವರು, ಈಗ ಡಲ್ಲಾಸ್:
ನನ್ನ ಬೆಂಬಲವೂ ಇದೆ. ವಚನಗಳಿಂದ ಆರಂಭಿಸೋಣ.

ಕಲಬುರಗಿಯವರು, ಈಗ ಮೆಲ್ಬರ್ನ್:
ಲೀಡ್ಸಿನ ತಂಗಿ ಹೇಳಿದಂತೆ ಚಂದ್ರನ ಸಾಲಿನಿಂದಲೇ ಮಾತು ತೆಗೆದೆ. “ಅಳುವುದಕ್ಕೂ ಆಗದೆ ಬಿಳಿಚಿಕೊಂಡ ಮುಖ” ಎಂದು ಮಗಳೇ ಹೇಳಿದಳು, ಆಮೇಲೆ ಉಳಿದದ್ದನ್ನು ತಿಳಿಸಿದೆ. ಬಹಳ ಹೊತ್ತು ಸುಮ್ಮನಿದ್ದು, ಹಾಡು ಬದಲಿಸುವುದಿಲ್ಲ ಎಂದಳು. ಹಾಡುವಾಗ ಗೆಳತಿಯನ್ನು ನೆನೆದರೆ ತಪ್ಪೇ ಎಂದು ಕೇಳಿದಳು, ತಪ್ಪಲ್ಲ ಎಂದೆ. ಕಾಕಾ ಅವರೇ, ನಿಮ್ಮ ಕಾಳಜಿ ನನಗೆ ತಿಳಿಯುತ್ತದೆ, ಆದರೆ ಹಾಡಿಗೆ ಮುನ್ನ ಸತ್ತ ಮಗುವಿನ ವಿಷಯ ಓದಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದನ್ನು ಕೇಳಿದ ಸಭೆ ವೇದಿಕೆಯ ಮೇಲಿನ ಹುಡುಗಿಯನ್ನು ಕನಿಕರದಿಂದ ನೋಡುತ್ತದೆ. ಕುಳಿತ ತಾಯಂದಿರಲ್ಲಿ ಅಂಥ ದುಃಖ ಕಂಡವರೂ ಇರುತ್ತಾರೆ, ಅವರಿಗೆ ಅದನ್ನು ಮೈಕಿನಲ್ಲಿ ನೆನಪಿಸುವುದು ಬೇಡ.

ಕಲಬುರಗಿಯ ಹಿರಿಯರು, ಈಗ ನ್ಯೂಜೆರ್ಸಿ:
ಹಾಗಾದರೆ ಹಾಡಿನ ನಂತರ ಓದಿಸಿ. ಓದಿಸದೆ ಬಿಡುವುದು ಸರಿಯಲ್ಲ.

ಸುರಪುರದವರು, ಈಗ ಲೀಡ್ಸ್:
ಅಕ್ಕ, ನಿರೂಪಕರಿಗೆ ಕವಿಯ ಹೆಸರು ಮತ್ತು ಹಾಡಿನ ಮೊದಲ ಸಾಲು ಇಷ್ಟನ್ನೇ ಬರೆದು ಕೊಡಿ. ಕಾರ್ಯಕ್ರಮ ಮುಗಿದ ಮೇಲೆ ಕೇಳಿದವರಿಗೆ ಮಗಳೇ ಹೇಳಲಿ. ಟೊರಾಂಟೊದ ಅಣ್ಣನವರ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅಣ್ಣ, ಈ ಪಂಚಮಿಗೆ ನಿಮ್ಮ ತಂಗಿಯವರಿಗೆ ಮಗನಿಂದಲೇ ವಿಡಿಯೊ ಕರೆ ಮಾಡಿಸಿ, ಆ ಪದವನ್ನು ಅವರಿಂದಲೇ ಹಾಡಿಸಿ, ಮಗನ ಪ್ರಶ್ನೆಗಳನ್ನು ಅತ್ತೆಗೇ ಕೇಳಲು ಬಿಡಿ.