ರಾತ್ರಿ ಹೊತ್ತು ವಾರ್ಟೆಕ್ಸ್ ಮೀಟರ್ ಸೊನ್ನೆಗೆ ಬೀಳುತ್ತದೆ, ಸ್ಟೀಮ್ ಹೋಗುತ್ತಲೇ ಇರುತ್ತದೆ

ಪ್ರಶ್ನೆ:
100 ಮಿಮೀ ಲೈನು, 7 ಬಾರ್ ಗೇಜ್ (ಹೊರಗಿನ ಗಾಳಿಯ ಒತ್ತಡ ಬಿಟ್ಟು) ಸ್ಯಾಚುರೇಟೆಡ್ ಸ್ಟೀಮ್ (ಕುದಿಯುವ ಉಷ್ಣತೆಯಲ್ಲೇ ಇರುವ ಆವಿ). ಹಗಲು ಗಂಟೆಗೆ 2000 ಕೆಜಿ, ರಾತ್ರಿ 400 ಕೆಜಿ ಆಸುಪಾಸು. ಸುಳಿ ಎಣಿಸಿ ಹರಿವು ಅಳೆಯುವ ವಾರ್ಟೆಕ್ಸ್ ಮೀಟರೂ 100 ಮಿಮೀದೇ. ರಾತ್ರಿ ರೀಡಿಂಗ್ ಆಗಾಗ ಸೊನ್ನೆಗೆ ಬಿದ್ದು ಮತ್ತೆ ಬರುತ್ತದೆ. ಪ್ರೆಶರ್ 5 ಬಾರ್‌ಗೆ ಇಳಿದಾಗ ಫೀಡ್ ವಾಟರ್ (ಬಾಯ್ಲರಿಗೆ ಹೋಗುವ ನೀರು) ಲೆಕ್ಕಕ್ಕಿಂತ ಬಹಳ ಜಾಸ್ತಿ ತೋರಿಸುತ್ತದೆ. ಸೆನ್ಸರ್ ಹೋಗಿದೆಯಾ? ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿದರೆ ಸರಿಹೋದೀತಾ?

ಉತ್ತರ 1:
ಸೆನ್ಸರ್ ಮೇಲೆ ಅನುಮಾನ ಬೇಡ, ಮೀಟರ್ ದೊಡ್ಡದಾಗಿದೆ. ಒಳಗೆ ಹರಿವಿಗೆ ಅಡ್ಡವಾಗಿರುವ ಶೆಡ್ಡರ್ ಬಾರ್‌ನ ಎರಡೂ ಬದಿಯಿಂದ ಸುಳಿಗಳು ಒಂದಾದ ಮೇಲೊಂದು ಕಳಚುತ್ತವೆ. ಸೆಕೆಂಡಿಗೆ ಎಷ್ಟು ಸುಳಿ ಎಂಬುದು ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ. 7 ಬಾರ್ ಗೇಜ್‌ನಲ್ಲಿ ಸ್ಟೀಮ್ ಸಾಂದ್ರತೆ ಘನ ಮೀಟರಿಗೆ ಸುಮಾರು 4.16 ಕೆಜಿ. ಹಾಗಾಗಿ ಹಗಲು ವೇಗ ಸೆಕೆಂಡಿಗೆ 17 ಮೀಟರ್, ರಾತ್ರಿ 3.4. ಬಾರ್ ಅಗಲ 28 ಮಿಮೀ ಎಂದಿಟ್ಟುಕೊಂಡರೆ ಹಗಲು 164 ಹರ್ಟ್ಜ್, ರಾತ್ರಿ 33.

ಹರಿವಿನ ಸ್ವರೂಪ ಹೇಳುವ ರೆನಾಲ್ಡ್ಸ್ ಸಂಖ್ಯೆ ರಾತ್ರಿಯೂ 90,000 ದಾಟುತ್ತದೆ. 20,000ದ ಮೇಲಿದ್ದರೆ ಕೆ-ಫ್ಯಾಕ್ಟರ್ (ಇಷ್ಟು ಗಾತ್ರದ ಹರಿವಿಗೆ ಎಷ್ಟು ಸುಳಿ ಎಂಬ ಅಂಕಿ) ನಂಬಬಹುದು, ಆದ್ದರಿಂದ ತೊಂದರೆ ಅಲ್ಲಿಲ್ಲ. ತೊಂದರೆ ಸಿಗ್ನಲ್ ಬಲದ್ದು. ಸುಳಿಯ ಒತ್ತಡವನ್ನು ಸಿಗ್ನಲ್ ಮಾಡುವ ಪೀಜೋ ಕ್ರಿಸ್ಟಲ್ ಮೇಲೆ ಬೀಳುವ ಒತ್ತಡ, ಸಾಂದ್ರತೆ ಗುಣಿಸು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಐದನೇ ಒಂದಾದರೆ ಸಿಗ್ನಲ್ 25ನೇ ಒಂದು. ಈ ಸಾಂದ್ರತೆಗೆ ಸಾಮಾನ್ಯವಾಗಿ ಕನಿಷ್ಠ ಸೆಕೆಂಡಿಗೆ 3.5 ಮೀಟರ್ ವೇಗ ಬೇಕು. ನೀವು ಸರಿಯಾಗಿ ಆ ಅಂಚಿನಲ್ಲಿದ್ದೀರಿ, ಅದಕ್ಕೇ ಬಿದ್ದು ಏಳುತ್ತಿದೆ. 80 ಮಿಮೀ ಮೀಟರ್ ಹಾಕಿದರೆ ರಾತ್ರಿ 5.3, ಹಗಲು 26.6. ಎರಡೂ ಹಿಡಿತದಲ್ಲಿ.

ಗೇನ್ ಮಾತ್ರ ಏರಿಸಬೇಡಿ. ಪೈಪಿನ ಅದುರುವಿಕೆ, 50 ಹರ್ಟ್ಜ್ ಕರೆಂಟ್ ಸದ್ದು ಎಲ್ಲವನ್ನೂ ಸುಳಿ ಎಂದು ಎಣಿಸಿ, ವಾಲ್ವ್ ಮುಚ್ಚಿದ್ದರೂ ಫ್ಲೋ ತೋರಿಸುತ್ತದೆ.

ಉತ್ತರ 2:
ಎರಡನೇ ತೊಂದರೆ ಸಾಂದ್ರತೆಯದು. ಮೀಟರ್ ಅಳೆಯುವುದು ಗಾತ್ರವನ್ನು, ಕೆಜಿ ಬರುವುದು ಲೆಕ್ಕದಿಂದ. 5 ಬಾರ್ ಗೇಜ್‌ನಲ್ಲಿ ಸಾಂದ್ರತೆ 3.17ಕ್ಕೆ ಇಳಿಯುತ್ತದೆ. ಒಳಗೆ 4.16 ಎಂದೇ ಫಿಕ್ಸ್ ಮಾಡಿದ್ದರೆ ಶೇ. 31 ಜಾಸ್ತಿ ಬರಲೇಬೇಕು. ಪ್ರೆಶರ್ ಟ್ರಾನ್ಸ್‌ಮಿಟರ್ ಜೋಡಿಸಿ ಕಾಂಪನ್ಸೇಷನ್ (ಪ್ರೆಶರ್ ನೋಡಿ ಸಾಂದ್ರತೆ ತಿದ್ದುವುದು) ಆನ್ ಮಾಡಿ. ಅಲ್ಲಿ ಗೇಜ್, ಆಬ್ಸಲ್ಯೂಟ್ (ಹೊರಗಿನ ಗಾಳಿಯ ಒತ್ತಡವೂ ಸೇರಿ) ಯಾವುದು ಕೇಳುತ್ತದೆ ನೋಡಿಯೇ ತುಂಬಿ. 8 ಬಾರ್ ಆಬ್ಸಲ್ಯೂಟ್ ಬದಲು 7 ಕೊಟ್ಟರೆ ಸುಮಾರು ಶೇ. 12 ಕಡಿಮೆ ತೋರಿಸುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್, ಸಾಂದ್ರತೆ ಫಿಕ್ಸ್ ಆಗಿಯೇ ಇತ್ತು. 80ಕ್ಕೆ ಬದಲಾಯಿಸುವಾಗ ಏನೇನು ನೋಡಬೇಕು? ಮೀಟರ್‌ಗಿಂತ ಮುಂಚೆ ಕಂಟ್ರೋಲ್ ವಾಲ್ವ್ ಇದೆ.

ಉತ್ತರ 3:
ವಾಲ್ವನ್ನು ಮೀಟರ್ ಆದಮೇಲೆ ಹಾಕಿಸಿ. ಮುಂಚೆಯೇ ಇರಬೇಕೆಂದರೆ ನಡುವೆ 80 ಮಿಮೀ ವ್ಯಾಸದ 40 ಪಟ್ಟು, ಅಂದರೆ 3.2 ಮೀಟರ್ ನೇರ ಪೈಪು ಬೇಕು. ರೆಡ್ಯೂಸರ್ (ಪೈಪಿನ ಅಳತೆ ಕಿರಿದಾಗಿಸುವ ತುಂಡು) ಆದರೆ 15 ವ್ಯಾಸ ಸಾಕು, 1.2 ಮೀಟರ್. ಮೀಟರ್ ಆದಮೇಲೆ 5 ವ್ಯಾಸ. ಅಡ್ಡ ಲೈನಿನಲ್ಲಿ ಎಕ್ಸೆಂಟ್ರಿಕ್ (ಒಂದು ಬದಿ ಚಪ್ಪಟೆಯಾದ) ರೆಡ್ಯೂಸರನ್ನು ಚಪ್ಪಟೆ ಬದಿ ಕೆಳಗೆ ಬರುವಂತೆ ಕೂರಿಸಿ, ಇಲ್ಲದಿದ್ದರೆ ಕಂಡೆನ್ಸೇಟ್ (ಸ್ಟೀಮ್ ತಣಿದು ಆದ ನೀರು) ನಿಲ್ಲುತ್ತದೆ. ಅದಕ್ಕೂ ಮುಂಚೆ ಆ ನೀರು ಹಿಡಿದು ಹೊರಹಾಕುವ ಡ್ರಿಪ್ ಪಾಕೆಟ್, ಟ್ರ್ಯಾಪ್ ಇರಲಿ. ಪ್ರೆಶರ್ ಟ್ಯಾಪ್ ಮೀಟರ್ ಆದಮೇಲಿನ ಪೈಪಿನಲ್ಲಿ.

ಗ್ಯಾಸ್ಕೆಟ್‌ಗೆ ಬಹಳ ಜನ ಗಮನ ಕೊಡುವುದಿಲ್ಲ. ಪೈಪಿನ ಬೋರ್ ಒಳಕ್ಕೆ 2 ಮಿಮೀ ಚಾಚಿದ್ದರೂ ಆ ಅಂಚಿನಲ್ಲೇ ಬೇರೆ ಸುಳಿ ಹುಟ್ಟಿ ರೀಡಿಂಗ್ ಕೆಡುತ್ತದೆ. ಬೋಲ್ಟ್ ಬಿಗಿಯುವ ಮುಂಚೆ ಒಳಗಡೆ ಬೆರಳಾಡಿಸಿ ನೋಡಿ. ಎಲೆಕ್ಟ್ರಾನಿಕ್ಸ್ ಕಾರ್ಡ್ ಇರುವ ಹೆಡ್ ಪಕ್ಕಕ್ಕೆ ತಿರುಗಿರಲಿ. ಇನ್ಸುಲೇಷನ್ ಬಾಡಿಗೆ ಮಾತ್ರ, ಕತ್ತಿನ ಭಾಗ ತೆರೆದೇ ಇರಬೇಕು. ಅದನ್ನೂ ಸುತ್ತಿದರೆ ಕಾರ್ಡ್ ಬೆಂದುಹೋಗುತ್ತದೆ.